ಬಿಳಿಚಿದ ಆಕಾಶ, ಮಬ್ಬಾದ ಕಡಲು: ಉತ್ತರ ಕನ್ನಡದ ನಿಸರ್ಗ ಚಿತ್ರಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಾರವಾರದ ಕಡಲತೀರದಲ್ಲಿ ತೆಗೆದ ಚಿತ್ರ ಕೆಟ್ಟರೆ ಹೆಚ್ಚಿನವರು ಮೊದಲು ಕ್ಯಾಮೆರಾವನ್ನು ಬೈಯುತ್ತಾರೆ, ಆಮೇಲೆ ಹೊಸ ಲೆನ್ಸಿನ ಬೆಲೆ ವಿಚಾರಿಸುತ್ತಾರೆ. ಆಕಾಶವನ್ನು ವಿಚಾರಿಸುವವರು ಕಡಿಮೆ. ನಮ್ಮ ಜಿಲ್ಲೆಯಲ್ಲಿ ಒಂದೇ ದಿನ ಘಟ್ಟದ ಮೇಲೆ ಮಂಜು, ಘಟ್ಟದ ಕೆಳಗೆ ಬಿಸಿಲು, ಕಡಲಂಚಿನಲ್ಲಿ ಉಪ್ಪಿನ ಮಬ್ಬು ಇರಬಹುದು. ಶಿರಸಿಯಲ್ಲಿ ಸರಿಯಾಗಿದ್ದ ಸೆಟ್ಟಿಂಗ್ ದೇವಿಮನೆ ಘಟ್ಟ ಇಳಿದು ಕುಮಟೆ ಸೇರುವಷ್ಟರಲ್ಲಿ ತಪ್ಪಾಗಿರುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಚಿತ್ರದ ಲಕ್ಷಣದಿಂದ ಶುರುಮಾಡಿ ಕಾರಣದ ಕಡೆಗೆ ಹೋಗೋಣ. ಮೊಬೈಲಿನಲ್ಲಿ ತೆಗೆಯುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ಮಾಡಬೇಕಾದ ಪರೀಕ್ಷೆ

ದೋಷ ಅಡಗಿರುವ ಜಾಗಗಳು ನಾಲ್ಕು: ಗಾಜಿನ ಮೇಲೆ, ನಿಮಗೂ ದೃಶ್ಯಕ್ಕೂ ನಡುವಿನ ಗಾಳಿಯಲ್ಲಿ, ಬೆಳಕು ಬರುವ ದಿಕ್ಕಿನಲ್ಲಿ, ಕೊನೆಯದಾಗಿ ಕ್ಯಾಮೆರಾ ಹಾಕುವ ಲೆಕ್ಕದಲ್ಲಿ. ಇದೇ ಕ್ರಮದಲ್ಲಿ ಹುಡುಕುವುದು ಒಳ್ಳೆಯದು. ಏಕೆಂದರೆ ಗಾಜನ್ನು ನೋಡಲು ಅರ್ಧ ನಿಮಿಷ ಸಾಕು, ಸೆಟ್ಟಿಂಗುಗಳನ್ನು ಒಂದೊಂದಾಗಿ ತಿರುಚುತ್ತ ಕುಳಿತರೆ ಸೂರ್ಯ ಮುಳುಗಿರುತ್ತಾನೆ.

ಹತ್ತು ಹೆಜ್ಜೆ ದೂರದ ಬಂಡೆಯೋ ದೋಣಿಯೋ ಚೌಕಟ್ಟಿನಲ್ಲಿ ಇರುವಂತೆ, ಹಿಂದೆ ದೂರದ ಗುಡ್ಡ ಬರುವಂತೆ ಒಂದು ಚಿತ್ರ ತೆಗೆಯಿರಿ. ಹತ್ತಿರದ ದೋಣಿ ಚೊಕ್ಕಟವಾಗಿದ್ದು ಗುಡ್ಡ ಮಾತ್ರ ಮಾಸಿದ್ದರೆ ದೋಷ ಗಾಳಿಯದು. ಎರಡೂ ಒಂದೇ ಮಟ್ಟಕ್ಕೆ ಮಾಸಿದ್ದರೆ ಗಾಜಿನದು. ನಂತರ ನಿಂತಲ್ಲೇ ಹಿಂದಕ್ಕೆ ತಿರುಗಿ ಇನ್ನೊಂದು ಚಿತ್ರ ತೆಗೆಯಿರಿ. ಅದು ಚೆನ್ನಾಗಿ ಬಂದರೆ ನಿಮ್ಮ ಕ್ಯಾಮೆರಾಕ್ಕೆ ಯಾವ ರೋಗವೂ ಇಲ್ಲ, ನೀವು ನಿಂತ ದಿಕ್ಕು ಮಾತ್ರ ತಪ್ಪು. ಇಷ್ಟರ ಮೇಲೂ ಚಿತ್ರ ತೀರಾ ಕಪ್ಪೋ ಬಿಳಿಯೋ ಹಸಿರೋ ಆಗಿ ಬರುತ್ತಿದ್ದರೆ ಆಗ ಸೆಟ್ಟಿಂಗಿಗೆ ಕೈ ಹಾಕಿ.

ಇಡೀ ಚಿತ್ರಕ್ಕೆ ಹಾಲಿನ ತೆರೆ

ಕರಾವಳಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ದೂರು ಇದು. ಮೂರು ಬೇರೆ ಬೇರೆ ಕಾರಣಗಳು ಒಂದೇ ವೇಷದಲ್ಲಿ ಬರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಒಂದು, ಗಾಜಿನ ಬೆವರು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಸೆಕೆ, ಶೇ 80ರಷ್ಟು ತೇವಾಂಶ ಇದ್ದರೆ ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವುದರ ಮೇಲಾದರೂ ನೀರು ಕೂರುತ್ತದೆ. ಲಾಡ್ಜಿನ ಎ.ಸಿ. ಕೋಣೆಯಲ್ಲಿ 22 ಡಿಗ್ರಿಯಲ್ಲಿ ರಾತ್ರಿ ಕಳೆದ ಲೆನ್ಸನ್ನು ಬೆಳಿಗ್ಗೆ ನೇರವಾಗಿ ತೀರಕ್ಕೆ ತಂದರೆ ಕ್ಷಣಮಾತ್ರದಲ್ಲಿ ಮಂಜುಗಟ್ಟುತ್ತದೆ. ಎ.ಸಿ. ಹಾಕಿಕೊಂಡು ಬಂದ ಕಾರಿನಿಂದ ಇಳಿದಾಗಲೂ ಇದೇ ಕಥೆ. ಒರೆಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ; ಗಾಜು ಬಿಸಿಯಾಗುವವರೆಗೂ ಬರುತ್ತಲೇ ಇರುತ್ತದೆ. ಪರಿಹಾರ ಒರೆಸುವುದರಲ್ಲಿಲ್ಲ. ಕೋಣೆಯಿಂದ ಹೊರಡುವ ಮುನ್ನವೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಹೊರಗೆ ಅರ್ಧದಿಂದ ಮುಕ್ಕಾಲು ಗಂಟೆ ಹಾಗೆಯೇ ಬಿಡಿ. ನೀರು ಚೀಲದ ಹೊರಮೈಗೆ ಅಂಟುತ್ತದೆ, ಗಾಜಿಗಲ್ಲ. ಇದಕ್ಕಿಂತ ಸುಲಭದ ಉಪಾಯ, ರಾತ್ರಿ ಕ್ಯಾಮೆರಾ ಚೀಲವನ್ನು ಎ.ಸಿ. ಇಲ್ಲದ ಕೋಣೆಯಲ್ಲಿ ಇಡುವುದು. ಕ್ಯಾಮೆರಾ ತಣ್ಣಗಿರುವಾಗ ಲೆನ್ಸ್ ಬದಲಿಸುವುದಂತೂ ಬೇಡವೇ ಬೇಡ, ತೇವ ಒಳಗೆ ಬೆಳಕು ಹಿಡಿಯುವ ಸೆನ್ಸರಿಗೇ ಹೋಗಿ ಕೂರುತ್ತದೆ.

ಎರಡು, ಉಪ್ಪು. ಅಲೆ ಒಡೆದಾಗ ಏಳುವ ಸಣ್ಣ ಹನಿಗಳು ಕಡಲಗಾಳಿಯ ಜೊತೆ ಒಳನಾಡಿನತ್ತ ಬರುತ್ತವೆ. ಮಧ್ಯಾಹ್ನದ ನಂತರ ಗಾಳಿ ಬಲವಾದಾಗ, ಮಳೆಗಾಲದಲ್ಲಿ ಇಡೀ ದಿನ, ಲೆನ್ಸಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಉಪ್ಪಿನ ಪದರ ಕಟ್ಟುತ್ತದೆ. ಸೂರ್ಯ ಬೆನ್ನ ಹಿಂದಿದ್ದಾಗ ಇದು ಗೊತ್ತೇ ಆಗುವುದಿಲ್ಲ. ಸೂರ್ಯನತ್ತ ತಿರುಗಿದ ಕೂಡಲೇ ಚಿತ್ರ ಪೂರ್ತಿ ಬೆಳ್ಳಗಾಗಿ, ಬೆಳಕಿನ ಸುತ್ತ ಗೆರೆಗಳು ಮೂಡುತ್ತವೆ. ಮೊಬೈಲಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಏಕೆಂದರೆ ಅದರ ಗಾಜಿಗೆ ಉಪ್ಪಿನ ಜೊತೆ ಬೆರಳಿನ ಜಿಡ್ಡೂ ಸೇರಿರುತ್ತದೆ. ಪರೀಕ್ಷೆ ಸುಲಭ: ಸೂರ್ಯನಿಗೆ ಮುಖ ಮಾಡಿ ಕೈಯಿಂದ ಲೆನ್ಸಿಗೆ ನೆರಳು ಮಾಡಿ ನೋಡಿ. ಬಣ್ಣ ಒಮ್ಮೆಲೇ ಮರಳಿದರೆ ಬಿಸಿಲು ನೇರವಾಗಿ ಗಾಜಿಗೆ ಬಡಿದು ಚೆದುರುತ್ತಿದೆ ಎಂದರ್ಥ, ಕೊಳೆ ಇದ್ದಷ್ಟೂ ಚೆದುರುವುದು ಹೆಚ್ಚು. ಒಣಬಟ್ಟೆಯಿಂದ ಉಜ್ಜಬೇಡಿ, ಉಪ್ಪಿನ ಹರಳು ಗಾಜಿನ ಲೇಪವನ್ನು ಗೀರುತ್ತದೆ. ಮೊದಲು ರಬ್ಬರ್ ಬ್ಲೋವರಿನಿಂದ ಗಾಳಿ ಊದಿ, ಮರಳು ಹಾರಿಸಿ, ನಂತರ ಲೆನ್ಸ್ ದ್ರಾವಣದಿಂದ ಒದ್ದೆ ಮಾಡಿದ ಮೆತ್ತನೆಯ ಬಟ್ಟೆಯಲ್ಲಿ ಹಗುರವಾಗಿ ಒರೆಸಿ.

ಮೂರು, ಗಾಳಿಯೇ ಮಬ್ಬಾಗಿರುವುದು. ಶುದ್ಧ ಗಾಳಿಯ ಕಣಗಳು ಬೆಳಕಿನ ಅಲೆಗಿಂತ ಬಹಳ ಚಿಕ್ಕವು, ಅವು ನೀಲಿಯನ್ನು ಹೆಚ್ಚು ಚೆದುರಿಸುತ್ತವೆ. ಆಕಾಶ ನೀಲಿಯಾಗಿರುವುದು ಇದರಿಂದ. ಕಡಲಿನ ಉಪ್ಪಿನ ಕಣ ಹಾಗಲ್ಲ. ತೇವಾಂಶ ಸುಮಾರು ಶೇ 75 ದಾಟಿದರೆ ಅದು ನೀರು ಹೀರಿ ಕರಗಿ ಹನಿಯಾಗಿ ಊದಿಕೊಳ್ಳುತ್ತದೆ. ಹೀಗೆ ದಪ್ಪಗಾದ ಹನಿ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚೆದುರಿಸುವುದರಿಂದ ಗಾಳಿ ಬಿಳಿಚುತ್ತದೆ. ಮಾರ್ಚ್‌ನಿಂದ ಮೇವರೆಗೆ ಕರಾವಳಿಯ ಬೆಳಗು, ಸಂಜೆಗಳಲ್ಲಿ ಈ ಮಟ್ಟ ಸುಲಭವಾಗಿ ದಾಟುತ್ತದೆ. ಸದಾಶಿವಗಡದ ಗುಡ್ಡದ ಮೇಲಿಂದ ಕಾಳಿ ನದಿಯ ಅಳಿವೆ ಕಾಣುತ್ತದೆ, ಪೂರ್ವದ ಬೆಟ್ಟಸಾಲು ಮಾತ್ರ ಬೂದಿ ಬಳಿದುಕೊಂಡು ನಿಂತಿರುತ್ತದೆ.

ಇದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ. ಜೂಮ್ ಹೆಚ್ಚಿಸಿದಷ್ಟೂ ಮಬ್ಬಿನ ಪಾಲು ಹೆಚ್ಚುತ್ತದೆ. ಮಬ್ಬು ತೆಗೆಯುವ ಸಾಫ್ಟ್‌ವೇರ್ ಗುಂಡಿಯನ್ನು ಕೊನೆಯವರೆಗೆ ಎಳೆದರೆ ಬೆಟ್ಟ ನೇರಳೆಯಾಗಿ, ಆಕಾಶದಲ್ಲಿ ಕಾಳುಕಾಳು ಎದ್ದು ಕಾಣುತ್ತದೆ. ಇರುವ ದಾರಿ ಎರಡು. ಹತ್ತಿರದ ವಸ್ತುವನ್ನು ಮುಖ್ಯವಾಗಿಸಿ ದೂರದ ಮಬ್ಬನ್ನು ಹಿನ್ನೆಲೆಯಾಗಿ ಒಪ್ಪಿಕೊಳ್ಳುವುದು. ಇಲ್ಲವೇ ದಿನ ಬದಲಿಸುವುದು. ಮಳೆ ಗಾಳಿಯನ್ನು ತೊಳೆಯುತ್ತದೆ. ಹಸ್ತಾ, ಚಿತ್ತಾ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವೆ, ಮಧ್ಯಾಹ್ನ ಗುಡುಗಿ ಸುರಿದು ಬಿಟ್ಟ ಸಂಜೆಯಲ್ಲಿ ಘಟ್ಟದ ಮಡಿಕೆಗಳು ಒಂದೊಂದಾಗಿ ಎಣಿಸುವಂತೆ ಕಾಣುತ್ತವೆ. ವರ್ಷದಲ್ಲಿ ಒಂದೇ ಸಲ ಕಾರವಾರಕ್ಕೆ ಬರುವವರಿಗೆ ನಾನು ಹೇಳುವುದು ಆ ದಿನಗಳನ್ನೇ, ಡಿಸೆಂಬರಿನ ರಜೆಯನ್ನಲ್ಲ.

ಆಕಾಶ ಬರೀ ಬಿಳಿ ಕಾಗದ

ಜೂನ್ ಮೊದಲ ವಾರದ ಆಚೀಚೆ ಮುಂಗಾರು ಹಿಡಿದರೆ ಆಕಾಶ ಒಂದೇ ಮುದ್ದೆಯಾಗಿ ಬೂದುಗಟ್ಟುತ್ತದೆ. ಕಣ್ಣಿಗೆ ಅದು ಕತ್ತಲೆ ಎನಿಸಿದರೂ ಕ್ಯಾಮೆರಾಕ್ಕೆ ಹಾಗಲ್ಲ. ಆ ಮೋಡವೇ ಇಡೀ ದೃಶ್ಯದ ದೀಪ, ನೆಲಕ್ಕಿಂತ ಎರಡರಿಂದ ನಾಲ್ಕು ಸ್ಟಾಪ್ ಹೆಚ್ಚು ಬೆಳಕು ಅದರಲ್ಲಿರುತ್ತದೆ (ಒಂದು ಸ್ಟಾಪ್ ಏರಿದರೆ ಬೆಳಕು ಇಮ್ಮಡಿ, ಇಳಿದರೆ ಅರ್ಧ). ಯಾಣದಲ್ಲಿ ಇದು ಅತಿರೇಕಕ್ಕೆ ಹೋಗುತ್ತದೆ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರ ಕಪ್ಪು ಸುಣ್ಣದಕಲ್ಲು, ಮಳೆಯಲ್ಲಿ ತೊಯ್ದು ಇನ್ನೂ ಕಪ್ಪು. ಅದರ ಅಂಚಿನಲ್ಲಿ ಇಣುಕುವ ಆಕಾಶ ಬಿಳಿ. ಕಲ್ಲಿಗೆ ಅಳತೆ ಹಿಡಿದರೆ ಆಕಾಶ ಸುಟ್ಟುಹೋಗುತ್ತದೆ, ಆಕಾಶಕ್ಕೆ ಹಿಡಿದರೆ ಕಲ್ಲು ಮಸಿಯಾಗುತ್ತದೆ.

ಚಿತ್ರದಲ್ಲಿ ಕಪ್ಪು ಎಷ್ಟು, ಬಿಳಿ ಎಷ್ಟು ಎಂದು ಎಡದಿಂದ ಬಲಕ್ಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ನೋಡಿ. ಬಲಗಡೆಯ ಗೋಡೆಗೆ ಗೆರೆ ಅಂಟಿಕೊಂಡಿದ್ದರೆ ಆ ಭಾಗದ ಮಾಹಿತಿ ಹೋಯಿತು, ಯಾವ ಸಾಫ್ಟ್‌ವೇರೂ ಅದನ್ನು ತಂದುಕೊಡದು. ರಾ ಕಡತದಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಕಚ್ಚಾ ರೂಪದಲ್ಲಿ, ತೆಗೆಯುತ್ತಿದ್ದರೆ ಒಂದು ಸ್ಟಾಪ್ ಕಡಿಮೆ ಬೆಳಕಿಗೆ ತೆಗೆದು ಮನೆಯಲ್ಲಿ ನೆರಳನ್ನು ಎತ್ತಿಕೊಳ್ಳಿ. ಟ್ರೈಪಾಡ್ ಇದ್ದರೆ ಬೆಳಕು ಹೆಚ್ಚಿಸಿ, ಕಡಿಮೆ ಮಾಡಿ ಮೂರು ಚಿತ್ರ ತೆಗೆದು ಸೇರಿಸಬಹುದು, ಆದರೆ ಗಾಳಿಗೆ ಎಲೆ ಅಲ್ಲಾಡುತ್ತಿದ್ದರೆ ಸೇರಿಸಿದ ಚಿತ್ರದಲ್ಲಿ ಒಂದೊಂದು ಎಲೆಗೆ ಮೂರು ನೆರಳು ಬರುತ್ತದೆ. ಮೇಲರ್ಧ ಮಾತ್ರ ಕಪ್ಪಾಗಿರುವ ಫಿಲ್ಟರ್ ಕಡಲತೀರದ ನೇರ ದಿಗಂತಕ್ಕೆ ಹೊಂದುತ್ತದೆ, ಯಾಣದಂತಹ ಅಂಕುಡೊಂಕು ಅಂಚಿಗೆ ಹೊಂದುವುದಿಲ್ಲ, ಶಿಖರದ ತಲೆಯನ್ನೂ ಕಪ್ಪು ಮಾಡುತ್ತದೆ.

ಇವೆಲ್ಲಕ್ಕಿಂತ ಒಳ್ಳೆಯ ಪರಿಹಾರಕ್ಕೆ ಖರ್ಚಿಲ್ಲ: ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಮಳೆಗಾಲದ ಮೋಡ ಚಿತ್ರದ ವಸ್ತುವಾಗಿ ಕೆಟ್ಟದ್ದು, ಆದರೆ ಅತ್ಯುತ್ತಮ ಬೆಳಕು. ನೆರಳಿಲ್ಲದ ಆ ಮೆತ್ತನೆಯ ಬೆಳಕಿನಲ್ಲಿ ಪಾಚಿ ಹಿಡಿದ ಮಿರ್ಜಾನ ಕೋಟೆಯ ಚಿರೇಕಲ್ಲು, ಅಡಿಕೆ ತೋಟದ ಒಳಗು, ಹಳ್ಳದ ನೀರು, ಇವುಗಳ ಬಣ್ಣ ಬಿಸಿಲಿನಲ್ಲಿ ಎಂದೂ ಹೀಗೆ ಕಾಣುವುದಿಲ್ಲ. ಇತ್ತೀಚೆಗೆ ಬಿಳಿ ಆಕಾಶದ ಜಾಗಕ್ಕೆ ಬೇರೆಲ್ಲಿಯದೋ ಕೆಂಪು ಆಕಾಶವನ್ನು ಅಂಟಿಸುವ ಸೌಲಭ್ಯ ಮೊಬೈಲಿನಲ್ಲೇ ಬಂದಿದೆ. ಆರಿದ್ರಾ ಮಳೆಯಲ್ಲಿ ನೆಂದ ತೋಟದ ಮೇಲೆ ಬೇಸಿಗೆಯ ಸಂಜೆಯನ್ನು ಕೂರಿಸಿದವರ ಚಿತ್ರ ನೋಡಿದರೆ ನನಗೆ ನಗು ಬರುತ್ತದೆ. ನೆಲದ ಮೇಲೆ ಒಂದೂ ನೆರಳಿಲ್ಲ, ಮೇಲೆ ಮಾತ್ರ ಸೂರ್ಯ ಉರಿಯುತ್ತಿರುತ್ತಾನೆ!

ಮಳೆಯೇ ಚಿತ್ರದಲ್ಲಿ ಕಾಣಲಿಲ್ಲ ಎನ್ನುವವರಿಗೆ: ಶಟರ್ 1/30ರಿಂದ 1/60 ಸೆಕೆಂಡಿನಲ್ಲಿಟ್ಟು, ಹಿಂದೆ ಕಪ್ಪಾದ ಮರವೋ ಕಲ್ಲೋ ಇರುವಂತೆ ನಿಲ್ಲಿ. ಬಿಳಿ ಆಕಾಶದ ಮುಂದೆ ಬಿಳಿ ಗೆರೆ ಹೇಗೆ ಕಂಡೀತು?

ಸಂಜೆಗೆಂಪು ಕೈಕೊಟ್ಟಿತು

ಇದರಲ್ಲಿ ಎರಡು ಬಗೆಯ ದೂರುಗಳಿವೆ. ಆಕಾಶದಲ್ಲಿ ಕೆಂಪೇ ಬರಲಿಲ್ಲ ಎನ್ನುವುದು ಒಂದು. ಬಂದಿತ್ತು, ಚಿತ್ರದಲ್ಲಿ ಇಲ್ಲ ಎನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಕಾರಣ ನಿಮ್ಮ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಇರಲಿಕ್ಕಿಲ್ಲ. ತಲೆಯ ಮೇಲೆ 8 ಕಿಲೋಮೀಟರ್ ಎತ್ತರದಲ್ಲಿರುವ ಗರಿಮೋಡಕ್ಕೆ ಬಣ್ಣ ಹಚ್ಚುವ ಕೊನೆಯ ಕಿರಣ, ಭೂಮಿ ದುಂಡಗಿರುವುದರಿಂದ, ಪಶ್ಚಿಮಕ್ಕೆ ಸುಮಾರು 320 ಕಿಲೋಮೀಟರ್ ದೂರದಲ್ಲಿ ಅರಬ್ಬೀ ಸಮುದ್ರದ ಮೈ ಸವರಿ ಬಂದಿರುತ್ತದೆ. ಆ ದಾರಿಯಲ್ಲಿ ಎಲ್ಲಿಯಾದರೂ ದಟ್ಟ ಮೋಡ ಅಡ್ಡ ನಿಂತರೆ ಇಲ್ಲಿ ಬೂದು ಮಾತ್ರ. ತೀರದಲ್ಲಿ ನಿಂತು ಪಡುವಣ ಚೊಕ್ಕಟವಾಗಿದೆ ಎಂದುಕೊಂಡವರಿಗೆ ಹೀಗೆ ನಿರಾಸೆಯಾಗುತ್ತದೆ. ಅದಕ್ಕಾಗಿ ಹೊರಡುವ ಮುನ್ನ ಭಾರತ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರ ನೋಡಿ. ಅದರಲ್ಲಿ ಗೋಚರ ಬೆಳಕಿನದು, ಅವಗೆಂಪಿನದು (ಕಣ್ಣಿಗೆ ಕಾಣದ ಶಾಖದ ಕಿರಣದ್ದು) ಎಂದು ಎರಡು ಬಗೆ ಇರುತ್ತವೆ. ಅವಗೆಂಪು ಚಿತ್ರದಲ್ಲಿ ತಣ್ಣಗಿರುವ ಎತ್ತರದ ಮೋಡ ಬೆಳ್ಳಗೆ, ಬೆಚ್ಚಗಿರುವ ತಗ್ಗಿನ ಮೋಡ ಮಂಕಾಗಿ ಕಾಣುತ್ತದೆ. ಗೋಚರ ಚಿತ್ರದಲ್ಲಿ ಬೆಳ್ಳಗಿದ್ದು ಅವಗೆಂಪಿನಲ್ಲಿ ಮಂಕಾಗಿರುವ ಮೋಡ ಕಾರವಾರದ ಪಶ್ಚಿಮಕ್ಕೆ ಹರಡಿದ್ದರೆ ಅದು ಸೂರ್ಯನನ್ನು ಅಡ್ಡಗಟ್ಟುವ ತಗ್ಗು ಮೋಡ, ಸಂಜೆಯ ಚಹಾ ಮನೆಯಲ್ಲೇ ಕುಡಿಯಬಹುದು. ಪಶ್ಚಿಮ ಖಾಲಿ ಇದ್ದು ನಮ್ಮ ಮೇಲೆ ತೆಳು ಎತ್ತರದ ಮೋಡ ಇದ್ದರೆ ಓಡಿ.

ಇನ್ನು ಬಂದ ಕೆಂಪು ತಪ್ಪಿಹೋಗಲು ಮುಖ್ಯ ಕಾರಣ ಅವಸರ. ಸೂರ್ಯ ಮುಳುಗಿದ ಕೂಡಲೇ ಜನ ಮರಳು ಕೊಡವಿಕೊಂಡು ಏಳುತ್ತಾರೆ. ಒಂದು ಕಿಲೋಮೀಟರ್ ಎತ್ತರದ ಮೋಡಕ್ಕೆ ಮುಳುಗಿದ ನಂತರ ಸುಮಾರು 4 ನಿಮಿಷ ಬೆಳಕು ಸಿಕ್ಕರೆ, 8 ಕಿಲೋಮೀಟರ್ ಎತ್ತರದ ಮೋಡಕ್ಕೆ ಸುಮಾರು 12 ನಿಮಿಷ ಸಿಗುತ್ತದೆ. ಗಾಢ ಬಣ್ಣ ಬರುವುದು ಆ ಕೊನೆಯ ನಿಮಿಷಗಳಲ್ಲಿ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಕಡಿದಾಗಿ ಇಳಿಯುವುದರಿಂದ ಮುಸ್ಸಂಜೆಯ ಬೆಳಕು ಒಟ್ಟು 22ರಿಂದ 24 ನಿಮಿಷದ ಮಾತು. ಅಷ್ಟು ಹೊತ್ತು ಕುಳಿತಿರಿ.

ಕ್ಯಾಮೆರಾದ ಪಾಲಿನ ತಪ್ಪೂ ಇಲ್ಲಿ ಇದೆ. ತಾನಾಗಿಯೇ ಹೊಂದಿಕೊಳ್ಳುವ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣ ಸರಿದೂಗಿಸುವ ಸೆಟ್ಟಿಂಗ್, ಸಂಜೆಯ ಕೆಂಪನ್ನು ದೋಷವೆಂದು ತಿಳಿದು ತಿದ್ದಿಬಿಡುತ್ತದೆ. ಅದನ್ನು ಹಗಲು ಬಿಸಿಲಿನ ಗುರುತಿಗೆ, ಅಂದರೆ 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿಗೆ, ನಿಲ್ಲಿಸಿ. ಕೆಂಪಿನ ನಡುವೆ ಹಳದಿ ಕಲೆ ಬಂದರೆ ಕ್ಯಾಮೆರಾ ಹಿಡಿಯಬಲ್ಲ ಕೆಂಪಿನ ಮಿತಿ ತುಂಬಿ ಚೆಲ್ಲಿದೆ ಎಂದರ್ಥ, ಮುಕ್ಕಾಲು ಸ್ಟಾಪ್ ಇಳಿಸಿ.

ಕಳೆದ ಸಲ ಬಂದಾಗ ಸೂರ್ಯ ದ್ವೀಪದ ಪಕ್ಕ ಮುಳುಗಿದ್ದ, ಈ ಸಲ ಅಲ್ಲಿಲ್ಲ ಎಂಬ ದೂರನ್ನೂ ಕೇಳಿದ್ದೇನೆ. ಕಾರವಾರದಲ್ಲಿ ಜೂನ್ ಕೊನೆಯ ವಾರದಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ 24 ಡಿಗ್ರಿ ಉತ್ತರಕ್ಕೆ, ದೇವಬಾಗ್ ಬದಿಗೆ ಸರಿದು ಮುಳುಗಿದರೆ, ಡಿಸೆಂಬರ್ ಕೊನೆಯಲ್ಲಿ ಅಷ್ಟೇ ದಕ್ಷಿಣಕ್ಕೆ, ಬಂದರಿನ ಬದಿಗೆ ಸರಿದಿರುತ್ತಾನೆ. ಹೊತ್ತೂ ಬದಲಾಗುತ್ತದೆ: ಡಿಸೆಂಬರ್ ಕೊನೆಯಲ್ಲಿ ಸುಮಾರು 6 ಗಂಟೆ 9 ನಿಮಿಷ, ಜೂನ್ ಕೊನೆಯಲ್ಲಿ 7 ಗಂಟೆ 5 ನಿಮಿಷ. ಹಳೆಯ ಚಿತ್ರವನ್ನು ಮತ್ತೆ ತೆಗೆಯಬೇಕಾದರೆ ಹಳೆಯ ತಿಂಗಳಿಗೇ ಬರಬೇಕು.

ಕಡಲು ನೀಲಿ ಬರುತ್ತಿಲ್ಲ

ಪಶ್ಚಿಮ ಕರಾವಳಿಗೆ ಬರುವವರೆಲ್ಲ ಸಂಜೆಗೆ ಬರುತ್ತಾರೆ. ಸಂಜೆ ಕಡಲಿನತ್ತ ನೋಡಿದರೆ ಸೂರ್ಯ ಎದುರಿಗೇ ಇರುತ್ತಾನೆ. ನೀರು ಕನ್ನಡಿಯಾಗಿ ಆ ಬೆಳಕನ್ನೇ ತಿರುಗಿ ಕೊಡುತ್ತದೆ, ಬಂಡೆ, ದೋಣಿ, ಮನುಷ್ಯ ಎಲ್ಲವೂ ಕಪ್ಪು ಆಕೃತಿಗಳು. ಅದೂ ಚೆಂದವೇ, ಆದರೆ ನೀಲಿ ಕಡಲು ಬೇಕಿದ್ದರೆ ಆ ಹೊತ್ತು ತಪ್ಪು. ಬೆಳಿಗ್ಗೆ ಸೂರ್ಯ ಘಟ್ಟದ ಹಿಂದಿನಿಂದ ಏರಿ ಬೆನ್ನಿಗೆ ಬರುತ್ತಾನೆ. ಎಂಟರಿಂದ ಹತ್ತರ ನಡುವೆ ಸದಾಶಿವಗಡದಿಂದಲೋ ಗೋಕರ್ಣದ ಗುಡ್ಡಗಳಿಂದಲೋ ಪಶ್ಚಿಮಕ್ಕೆ ನೋಡಿ. ಕಡಲು, ದ್ವೀಪ, ನೊರೆ ಎಲ್ಲದರ ಮೇಲೂ ಬೆಳಕು ನೇರವಾಗಿ ಬಿದ್ದಿರುತ್ತದೆ, ಗಾಳಿಯೂ ಇನ್ನೂ ಎದ್ದಿರುವುದಿಲ್ಲ. ಸೂರ್ಯೋದಯವೇ ಇಲ್ಲದ ಊರು ಎಂದು ಕರಾವಳಿಯನ್ನು ತಳ್ಳಿಹಾಕುವವರು ದಿನದ ಉತ್ತಮ ಎರಡು ಗಂಟೆಗಳನ್ನು ಹಾಸಿಗೆಯಲ್ಲಿ ಕಳೆಯುತ್ತಾರೆ.

ನಡುಹಗಲಿನ ಬಗ್ಗೆ ಒಂದೇ ಮಾತು. ಭಾರತೀಯ ಕಾಲಮಾನ 82.5 ಡಿಗ್ರಿ ರೇಖಾಂಶದ್ದು, ಕಾರವಾರ ಇರುವುದು 74.1ರಲ್ಲಿ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ. ನವೆಂಬರ್ ಮೊದಲ ವಾರದಲ್ಲಿ ಸುಮಾರು 12.17ಕ್ಕೆ, ಫೆಬ್ರುವರಿ ನಡುವಿನಲ್ಲಿ ಸುಮಾರು 12.48ಕ್ಕೆ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಎರಡನೇ ವಾರದಲ್ಲಿ ಅವನು ಸರಿಯಾಗಿ ತಲೆಯ ಮೇಲೆಯೇ ಇರುತ್ತಾನೆ. ಆ ಹೊತ್ತಿನ ಸಪ್ಪೆ ಚಿತ್ರಕ್ಕೆ ಊಟವೇ ಮದ್ದು.

ಮಳೆಗಾಲದಲ್ಲಿ ಅಳಿವೆಯ ನೀರು ಕಂದು ಬಂದರೆ ವೈಟ್ ಬ್ಯಾಲೆನ್ಸ್ ತಿದ್ದಲು ಹೋಗಬೇಡಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಘಟ್ಟದ ಕೆಮ್ಮಣ್ಣನ್ನು ಹೊತ್ತು ತಂದು ಕಡಲಿಗೆ ಸುರಿಯುತ್ತಿರುತ್ತವೆ. ಆ ಬಣ್ಣ ನಿಜವಾದದ್ದು. ಇನ್ನು ಮಾಜಾಳಿ ಬಳಿಯ ತಿಳಮಾತಿಯ ಕಪ್ಪು ಮರಳು ಬೂದಿಯಾಗಿ ಬಂದರೆ ಅದು ಕ್ಯಾಮೆರಾದ ಲೆಕ್ಕದ ತಪ್ಪು. ಅದು ಕಂಡದ್ದನ್ನೆಲ್ಲ ನಡುಬೂದು ಎಂದು ನಂಬಿ ಬೆಳಕನ್ನು ಏರಿಸುತ್ತದೆ. ಒಂದು ಸ್ಟಾಪ್ ಇಳಿಸಿದರೆ ಮರಳು ಮತ್ತೆ ಕಪ್ಪಾಗುತ್ತದೆ.

ಘಟ್ಟದ ಮಂಜು ಕೊಳೆಯಾಗಿ ಕಾಣುತ್ತದೆ

ಇಲ್ಲಿ ಅದೇ ಲೆಕ್ಕ ತಿರುವುಮುರುವು. ಬಿಳಿ ಮಂಜನ್ನು ಕ್ಯಾಮೆರಾ ನಡುಬೂದು ಮಾಡಲು ಹೋಗಿ ಕೊಳಕು ಬಣ್ಣ ಬರಿಸುತ್ತದೆ. ಮುಕ್ಕಾಲರಿಂದ ಒಂದು ಸ್ಟಾಪ್ ಏರಿಸಿ. ಫೋಕಸ್ ಹಿಂದೆ ಮುಂದೆ ಹುಡುಕಾಡುತ್ತಿದ್ದರೆ ಅದಕ್ಕೆ ಹಿಡಿಯಲು ಗೆರೆಯೇ ಸಿಗುತ್ತಿಲ್ಲ. ಹತ್ತಿರದ ಮರದ ಕಾಂಡಕ್ಕೆ ಹಿಡಿದು ನಿಲ್ಲಿಸಿ, ಇಲ್ಲವೇ ಕೈಯಿಂದ ತಿರುಗಿಸಿ.

ಆದರೆ ಹೆಚ್ಚಿನವರ ಸಮಸ್ಯೆ ಕಾಯಬೇಕೋ ಹೊರಡಬೇಕೋ ಎಂಬುದು. ಅದಕ್ಕೆ ಮಂಜಿನ ಜಾತಿ ಗುರುತಿಸಬೇಕು. ಡಿಸೆಂಬರ್, ಜನವರಿಯಲ್ಲಿ ಶಿರಸಿ ಸೀಮೆಯ ತಗ್ಗುಗಳಲ್ಲಿ ಕಾಣುವುದು ರಾತ್ರಿ ನೆಲ ತಣಿದು ಹುಟ್ಟಿದ ಮಂಜು. ಆಕಾಶ ಚೊಕ್ಕಟ, ಗಾಳಿ ಇಲ್ಲ, ಎತ್ತರದ ದಿಬ್ಬ ಹತ್ತಿದರೆ ನೀವು ಮಂಜಿನ ಮೇಲಿರುತ್ತೀರಿ. ಬಿಸಿಲೇರಿದಂತೆ ಇದು ಚೆದುರುತ್ತದೆ, ಚೆದುರುವ ಆ ಅರೆಗಂಟೆಯಲ್ಲಿ ಅಡಿಕೆ ಮರಗಳ ನಡುವೆ ಬಿಸಿಲಕೋಲು ಬೀಳುತ್ತದೆ. ಕಾಯಿರಿ. ಜುಲೈಯಲ್ಲಿ ದೇವಿಮನೆ ಘಟ್ಟದ ತಿರುವಿನಲ್ಲಿ ಕಾಣುವುದು ಮಂಜಲ್ಲ, ಕಡಲಿನಿಂದ ಬಂದ ತೇವದ ಗಾಳಿ ಬೆಟ್ಟ ಹತ್ತುವಾಗ ಆದ ಮೋಡ. ಗಾಳಿ ಬೀಸುತ್ತಿರುತ್ತದೆ, ಆದರೂ ಅದು ಹೋಗುವುದಿಲ್ಲ, ಹೋದಷ್ಟೂ ಕೆಳಗಿನಿಂದ ಹೊಸದು ಬರುತ್ತದೆ. ಅದಕ್ಕೆ ಕಾದು ಫಲವಿಲ್ಲ. ಹತ್ತಿರದ ಒಂದೆರಡು ಮರಗಳನ್ನು ಇಟ್ಟುಕೊಂಡು ಚಿತ್ರ ಮಾಡಿ, ಇಲ್ಲವೇ ಕೆಲವು ತಿರುವು ಕೆಳಗಿಳಿದು ಮೋಡದ ಅಡಿ ಸೇರಿ. ಉಂಚಳ್ಳಿಯಲ್ಲೂ ಹೀಗೆಯೇ. 116 ಮೀಟರ್ ಕೆಳಗೆ ಬೀಳುವ ಅಘನಾಶಿನಿ ತುಂಬು ಮಳೆಗಾಲದಲ್ಲಿ ತನ್ನದೇ ತುಂತುರಿನಲ್ಲಿ, ಮೇಲಿಂದ ಕವಿದ ಮೋಡದಲ್ಲಿ ಮುಚ್ಚಿಹೋಗಿ ಸದ್ದು ಮಾತ್ರ ಕೇಳಿಸುತ್ತದೆ. ಚಿತ್ರ ಬೇಕಾದವರು ಮಳೆ ಇಳಿಮುಖವಾದ ಮೇಲೆ ಹೋಗಬೇಕು.

ಫಿಲ್ಟರ್ ಮಾಡುವ ಕಿತಾಪತಿ

ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಪೋಲರೈಸರ್ ಫಿಲ್ಟರ್ ಹಾಕಿದವರು ಎರಡು ದೂರು ತರುತ್ತಾರೆ. ಆಕಾಶದ ಒಂದು ಪಟ್ಟಿ ಮಾತ್ರ ಕಡುನೀಲಿ, ಅಕ್ಕಪಕ್ಕ ತಿಳಿನೀಲಿ ಎನ್ನುವುದು ಮೊದಲನೆಯದು. ಆಕಾಶದ ಬೆಳಕು ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು ಧ್ರುವೀಕರಣಗೊಂಡಿರುತ್ತದೆ, ಅಂದರೆ ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿರುತ್ತದೆ. ವಿಶಾಲ ಕೋನದ ಲೆನ್ಸ್ ಆ ಪಟ್ಟಿಯನ್ನೂ ಅದರ ಆಚೀಚಿನದನ್ನೂ ಒಟ್ಟಿಗೆ ಹಿಡಿಯುತ್ತದೆ. ಫಿಲ್ಟರನ್ನು ಸ್ವಲ್ಪ ತಿರುಗಿಸಿ ಪರಿಣಾಮ ಕಡಿಮೆ ಮಾಡಿ, ಇಲ್ಲವೇ ಜೂಮ್ ಮಾಡಿ. ಸೂರ್ಯ ನಿಮ್ಮ ಎದುರು ಅಥವಾ ಬೆನ್ನಿಗಿದ್ದರೆ ಆಕಾಶಕ್ಕೆ ಅದರಿಂದ ಏನೂ ಉಪಯೋಗವಿಲ್ಲ, ಸುಮ್ಮನೆ ಒಂದೂವರೆ ಸ್ಟಾಪ್ ಬೆಳಕು ನಷ್ಟ.

ಎರಡನೆಯದು, ಕಣ್ಣೆದುರಿಗಿದ್ದ ಕಾಮನಬಿಲ್ಲು ಚಿತ್ರದಲ್ಲಿ ಮಾಯ. ಬಿಲ್ಲಿನ ಬೆಳಕು ಬಲವಾಗಿ ಧ್ರುವೀಕರಣಗೊಂಡದ್ದು, ಫಿಲ್ಟರ್ ಒಂದು ಕೋನದಲ್ಲಿ ಅದನ್ನು ಅಳಿಸಿಬಿಡುತ್ತದೆ. ಕಾಲುಸುತ್ತು ತಿರುಗಿಸಿ, ಮರಳಿ ಬರುತ್ತದೆ, ಮೊದಲಿಗಿಂತ ಗಾಢವಾಗಿ. ಬಿಲ್ಲು ಹುಡುಕುವವರಿಗೆ ನೆನಪಿರಲಿ: ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಬಯಲಿನಲ್ಲಿ ನಿಂತವರಿಗೆ ಕಾಮನಬಿಲ್ಲು ಕಾಣದು. ಮಳೆಗಾಲದಲ್ಲಿ ಬೆಳಿಗ್ಗೆ ಒಂಬತ್ತೂಕಾಲರೊಳಗೆ ಕಡಲಿನ ಮೇಲೆ, ಸಂಜೆ ನಾಲ್ಕರ ನಂತರ ಘಟ್ಟದ ಬದಿಗೆ ನೋಡಬೇಕು. ಮಾಗೋಡಿನಂತೆ ಮೇಲಿನಿಂದ ಜಲಪಾತ ನೋಡುವ ಜಾಗಗಳಲ್ಲಿ ಮಾತ್ರ ಸೂರ್ಯ ಎತ್ತರದಲ್ಲಿದ್ದಾಗಲೂ ತುಂತುರಿನಲ್ಲಿ ಬಿಲ್ಲು ಕಣಿವೆಯೊಳಗೆ ಮೂಡಬಹುದು.

ಇಷ್ಟೆಲ್ಲ ಬೈದರೂ ಮಳೆಗಾಲದಲ್ಲಿ ನಾನು ತೆಗೆಯದೆ ಇಡುವ ಫಿಲ್ಟರ್ ಇದೊಂದೇ. ಒದ್ದೆ ಎಲೆಯ ಬಿಳಿ ಹೊಳಪನ್ನು ತೆಗೆದು ಒಳಗಿನ ಹಸಿರನ್ನು ಹೊರಗೆ ತರುವುದು ಬೇರೆ ಯಾವ ಗುಂಡಿಗೂ ಸಾಧ್ಯವಿಲ್ಲ. ಮೊಬೈಲ್ ಇರುವವರು ಪೋಲರಾಯ್ಡ್ ತಂಪು ಕನ್ನಡಕವನ್ನು ಲೆನ್ಸಿನ ಮುಂದೆ ಹಿಡಿದು ತಿರುಗಿಸಿ ನೋಡಬಹುದು.

ಬೆಳದಿಂಗಳು ಹಗಲಾಗಿ ಬಂದರೆ

1883ರ ಆಸುಪಾಸಿನಲ್ಲಿ ರವೀಂದ್ರನಾಥ ಟಾಗೋರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋದದ್ದನ್ನು ಬರೆದುಕೊಂಡಿದ್ದಾರೆ. ಅಂಥ ರಾತ್ರಿಯನ್ನು ಹಿಡಿಯಲು ಹೋದವರಿಗೆ ಸಿಗುವುದು ಮಂಕು ಹಗಲಿನ ಚಿತ್ರ, ಆಕಾಶ ನೀಲಿ, ಮರಳು ಹಳದಿ. ಹುಣ್ಣಿಮೆಯ ಬೆಳಕು ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಕ್ಷೀಣ, ಆದರೆ ಅದು ಬಿಸಿಲೇ. ಶಟರ್ ಸಾಕಷ್ಟು ಹೊತ್ತು ತೆರೆದರೆ ಕ್ಯಾಮೆರಾಕ್ಕೆ ವ್ಯತ್ಯಾಸ ತಿಳಿಯದು. ಮಾಪಕ ಹೇಳಿದ್ದಕ್ಕಿಂತ ಒಂದೂವರೆ, ಎರಡು ಸ್ಟಾಪ್ ಇಳಿಸಿ, ವೈಟ್ ಬ್ಯಾಲೆನ್ಸನ್ನು 4000 ಕೆಲ್ವಿನ್ ಕಡೆಗೆ ತನ್ನಿ.

ಚಿಲ್ಲರೆ ದೋಷಗಳು, ದೊಡ್ಡ ಅಪಾಯಗಳು

ಬೇಸಿಗೆಯ ಮಧ್ಯಾಹ್ನ ಮರಳಿನ ಮೇಲಿಂದ ಜೂಮ್ ಮಾಡಿ ತೆಗೆದ ದೋಣಿ ಮಸುಕಾಗಿದೆಯೇ? ಒಂದೇ ಸಮನೆ ಐದಾರು ಚಿತ್ರ ತೆಗೆಯಿರಿ. ಮಸುಕು ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿದ್ದರೆ ಅದು ಬಿಸಿಗಾಳಿಯ ನಡುಕ. ಎಲ್ಲದರಲ್ಲೂ ಒಂದೇ ಥರ ಇದ್ದರೆ ಫೋಕಸಿನ ದೋಷ. ತೋಟದೊಳಗೆ ಮುಖಗಳು ಹಸಿರಾಗಿ ಬಂದರೆ ಎಲೆಗಳ ಮೂಲಕ ಸೋಸಿ ಬಂದ ಬೆಳಕು ಕಾರಣ, ವೈಟ್ ಬ್ಯಾಲೆನ್ಸಿನ ಹಸಿರು-ಕೆನ್ನೇರಳೆ ಪಟ್ಟಿಯನ್ನು ಸ್ವಲ್ಪ ಕೆನ್ನೇರಳೆಯತ್ತ ಸರಿಸಿ.

ಏಪ್ರಿಲ್, ಮೇ, ಅಕ್ಟೋಬರ್ ಮಧ್ಯಾಹ್ನಗಳ ಗುಡುಗುಮೋಡ ನೋಡಲು ಭವ್ಯ. ಗುಡುಗು ಕಿವಿಗೆ ಕೇಳಿಸಿದರೆ ಸಿಡಿಲು ನಿಮ್ಮನ್ನು ತಲುಪುವ ದೂರದಲ್ಲಿದೆ. ಬಯಲು ತೀರದಲ್ಲಿ ಟ್ರೈಪಾಡ್ ನಿಲ್ಲಿಸಿ ಮಿಂಚಿಗೆ ಕಾಯುವುದು ಶೌರ್ಯವಲ್ಲ. ಗಟ್ಟಿ ಕಟ್ಟಡದೊಳಗಿಂದ, ಇಲ್ಲವೇ ಗಾಜು ಏರಿಸಿದ ಕಾರಿನಿಂದ ತೆಗೆಯಿರಿ. ಮಳೆಗಾಲದಲ್ಲಿ ಗೋಕರ್ಣದ ಬಂಡೆಗಳ ಮೇಲೆ ನಿಂತು ಅಲೆಗೆ ಬೆನ್ನು ಕೊಡಬೇಡಿ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ ಇದೆ, ಆ ಬದಿಗೆ ಕ್ಯಾಮೆರಾ ಎತ್ತುವುದಾಗಲಿ ಡ್ರೋನ್ ಹಾರಿಸುವುದಾಗಲಿ ಕೂಡದು. ಆ ದೋಷಕ್ಕೆ ಈ ಕೈಪಿಡಿಯಲ್ಲಿ ಪರಿಹಾರವಿಲ್ಲ.

ಇನ್ನು ಆಕಾಶದ ಮೇಲೆ ಹೊರಿಸಲಾಗದ ಎರಡು ದೋಷಗಳು. ಎಫ್ 16ರಲ್ಲಿ (ಲೆನ್ಸಿನ ಕಿಂಡಿ ಕಿರಿದಾಗಿಟ್ಟು) ತೆಗೆದ ನೀಲಿ ಆಕಾಶದಲ್ಲಿ ಪ್ರತಿ ಚಿತ್ರದ ಅದೇ ಜಾಗದಲ್ಲಿ ಮಸುಕು ಚುಕ್ಕೆ ಇದ್ದು, ಎಫ್ 4ರಲ್ಲಿ (ಕಿಂಡಿ ಅಗಲವಾಗಿದ್ದಾಗ) ಅದು ಕಾಣದಿದ್ದರೆ ಸೆನ್ಸರಿನ ಮೇಲೆ ಧೂಳು ಕೂತಿದೆ. ಲೆನ್ಸಿನ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ ಜೇಡನ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ನಮ್ಮ ಮಳೆಗಾಲದ ಕೊಡುಗೆ. ಅದನ್ನು ಮನೆಯಲ್ಲಿ ಬಿಚ್ಚಲು ಹೋಗದೆ ರಿಪೇರಿಯವರಿಗೆ ಕೊಡಿ. ಅಲ್ಲಿಯವರೆಗೆ ಉಳಿದ ಲೆನ್ಸುಗಳ ಜೊತೆ ಒಂದೇ ಚೀಲದಲ್ಲಿ ಇಡಬೇಡಿ. ಉಳಿದವನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿಟ್ಟು, ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.